ವಾಸನೆ ಅಡಗಿಸುವ ಬಾಟಲಿ, ಗಾಳಿ ಓದುವ ಜಿಂಕೆ: ಅಮೆರಿಕದ ಬೇಟೆ ಮಾರುಕಟ್ಟೆಯ ಒಂದು ಗೊಂದಲ

2025ರ ಜನವರಿಯಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ದಕ್ಷಿಣ ಭಾಗದಲ್ಲಿ ಬೇಟೆಯಾಡಿದ ಜಿಂಕೆಯೊಂದರಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಪತ್ತೆಯಾಯಿತು. ಜಿಂಕೆ ಮತ್ತು ಅದೇ ಕುಟುಂಬದ ದೊಡ್ಡ ಪ್ರಾಣಿಗಳಾದ ಎಲ್ಕ್, ಮೂಸ್‌ಗಳ ಮಿದುಳನ್ನು ತಿಂದುಹಾಕುವ ಈ ರೋಗವನ್ನು ಅಲ್ಲಿ ಎಲ್ಲರೂ ಸಿಡಬ್ಲ್ಯುಡಿ ಎಂದೇ ಕರೆಯುತ್ತಾರೆ. ಅದು ಕಾಲಿಟ್ಟ 36ನೇ ರಾಜ್ಯ ಜಾರ್ಜಿಯಾ. ಇಂಥ ಸುದ್ದಿ ಬಂದಾಗಲೆಲ್ಲ ಬೇಟೆ ಸಾಮಗ್ರಿಯ ಅಂಗಡಿಗಳ ಒಂದು ಕಪಾಟಿನ ಬಗ್ಗೆ ಪ್ರಶ್ನೆ ಏಳುತ್ತದೆ. ಆ ಕಪಾಟಿನಲ್ಲಿ ಮನುಷ್ಯನ ಮೈವಾಸನೆ ಅಡಗಿಸುವ ಸ್ಪ್ರೇ, ಸೋಪು, ಇಂಗಾಲದ ಬಟ್ಟೆ, ಓಝೋನ್ ಯಂತ್ರ ಇರುತ್ತವೆ. ಅವುಗಳ ಪಕ್ಕದಲ್ಲೇ, ಜಿಂಕೆಗಳನ್ನು ಸೆಳೆಯಲು ಬಳಸುವ, ಹೆಣ್ಣು ಜಿಂಕೆಯ ಮೂತ್ರ ತುಂಬಿದ ಸಣ್ಣ ಬಾಟಲಿಗಳೂ ಇರುತ್ತವೆ. ರೋಗ ಹರಡೀತೆಂಬ ಭಯದಿಂದ ಒಂದು ರಾಜ್ಯದಲ್ಲಿ ಮೂತ್ರದ ಬಾಟಲಿಗೆ ನಿಷೇಧವಿದೆ, ಗಡಿ ದಾಟಿದರೆ ಅದೇ ಬಾಟಲಿ ಮುಕ್ತವಾಗಿ ಸಿಗುತ್ತದೆ. ವಾಸನೆ ಅಡಗಿಸುವ ಸ್ಪ್ರೇಗೆ ಎಲ್ಲೂ ಇಂಥ ತಡೆಯಿಲ್ಲ. ಹಾಗಾದರೆ ಅಪಾಯವಿರುವುದು ಯಾವುದರಲ್ಲಿ? ಕೆಲಸಕ್ಕೆ ಬರುವುದು ಯಾವುದು? ದುಡ್ಡು ಕೊಟ್ಟು ಕೊಳ್ಳುವವರಿಗೂ ಇದು ಸ್ಪಷ್ಟವಿಲ್ಲ.

ಎರಡೂ ಬಗೆಯ ಸರಕಿನ ಹಿಂದಿರುವ ನಂಬಿಕೆ ಒಂದೇ: ಕಾಡುಪ್ರಾಣಿಯ ಮೂಗಿಗೆ ಮೋಸ ಮಾಡಬಹುದು ಎಂಬುದು. ಆ ನಂಬಿಕೆಯಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಮೊದಲು ನೋಡಬೇಕು. ಬಾಟಲಿಯ ಲೆಕ್ಕ ಆಮೇಲಿನದು.

ಇದು ಎಲ್ಲಿಯ ಬೇಟೆ, ಯಾಕೆ ವಾಸನೆಯ ಚಿಂತೆ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಅಮೆರಿಕದಲ್ಲಿ ಅದು ಲೈಸೆನ್ಸ್ ಪಡೆದು ಗೊತ್ತುಪಡಿಸಿದ ಋತುವಿನಲ್ಲಿ ನಡೆಸುವ ಕಾನೂನುಬದ್ಧ ಚಟುವಟಿಕೆ. 2022ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಅಲ್ಲಿ ಸುಮಾರು 1.44 ಕೋಟಿ ಬೇಟೆಗಾರರಿದ್ದಾರೆ. ಬಂದೂಕು, ಮದ್ದುಗುಂಡು, ಬಿಲ್ಲು-ಬಾಣಗಳ ಮೇಲಿನ ವಿಶೇಷ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಿಂದ ಶುರುವಾದ ಏರ್ಪಾಡು ಇದು. ಆದ್ದರಿಂದ ಬೇಟೆಯ ಮಾರುಕಟ್ಟೆಯಲ್ಲಿ ಆಗುವ ಏರುಪೇರು ಕಾಡಿನ ನಿರ್ವಹಣೆಯನ್ನೂ ತಟ್ಟುತ್ತದೆ.

ಪೂರ್ವದ ರಾಜ್ಯಗಳಲ್ಲಿ ಬೇಟೆಯೆಂದರೆ ಹೆಚ್ಚಾಗಿ ಬಿಳಿಬಾಲದ ಜಿಂಕೆ. ಬೇಟೆಗಾರ ಮರಕ್ಕೆ ಕಟ್ಟಿದ ಅಟ್ಟಣೆಯ ಮೇಲೆ ಗಂಟೆಗಟ್ಟಲೆ ಅಲುಗಾಡದೆ ಕೂರುತ್ತಾನೆ. ಪಶ್ಚಿಮದ ರಾಕಿ ಪರ್ವತಗಳಲ್ಲಿ, ಅಂದರೆ ಕೊಲರಾಡೊ, ಮೊಂಟಾನಾ, ವಯೋಮಿಂಗ್, ಐಡಾಹೋಗಳಲ್ಲಿ ಎಲ್ಕ್ ಇದೆ. ಮುನ್ನೂರು ಕಿಲೋ ದಾಟುವ ಗಂಡು, ತಲೆಯ ಮೇಲೆ ಕವಲೊಡೆದ ಭಾರೀ ಕೊಂಬು. ಕಾಶ್ಮೀರದ ಹಂಗುಲ್ ಅದರ ಹತ್ತಿರದ ಸಂಬಂಧಿ. ಸೆಪ್ಟೆಂಬರಿನ ಬೆದೆಗಾಲದಲ್ಲಿ ಗಂಡು ಎಲ್ಕ್‌ಗಳು ಕೂಗುತ್ತವೆ. ಬಿಲ್ಲು ಹಿಡಿದವರು ಆ ಕೂಗಿನ ಜಾಡು ಹಿಡಿದು ಕಣಿವೆ ಇಳಿದು ಏರುತ್ತಾರೆ.

ಬಂದೂಕಿನವನಿಗೆ ಇನ್ನೂರು ಮೀಟರ್ ದೂರದಿಂದಲೂ ಗುರಿ ಸಿಗುತ್ತದೆ. ಬಾಣಕ್ಕೆ ಮೂವತ್ತು ಮೀಟರ್ ಆಸುಪಾಸಿಗೆ ಹೋಗಲೇಬೇಕು. ಅಷ್ಟು ಹತ್ತಿರ ಹೋದಾಗ ಪ್ರಾಣಿ ಕಣ್ಣಿನಿಂದ ಕಂಡರೆ ಒಂದು ಕ್ಷಣ ಅನುಮಾನಿಸುತ್ತದೆ, ಸದ್ದು ಕೇಳಿದರೆ ತಲೆಯೆತ್ತಿ ನೋಡುತ್ತದೆ. ವಾಸನೆ ಹಿಡಿದರೆ ಮಾತ್ರ ಎರಡನೇ ಯೋಚನೆಯಿಲ್ಲದೆ ಓಡುತ್ತದೆ. ಸಾಮಗ್ರಿ ಮಾರುವವರು ನಿಂತಿರುವುದು ಈ ಮೂವತ್ತು ಮೀಟರಿನ ಆತಂಕದ ಮೇಲೆ.

ಎದುರಿಗಿರುವ ಮೂಗು ಎಂಥದ್ದು

ವಾಸನೆಯ ಕಣಗಳನ್ನು ಹಿಡಿಯುವ ಗ್ರಾಹಕಗಳನ್ನು ಕಟ್ಟುವ ಜೀನ್‌ಗಳು ಮನುಷ್ಯನಲ್ಲಿ ಸುಮಾರು 400 ಕೆಲಸ ಮಾಡುತ್ತವೆ. ನಾಯಿಯಲ್ಲಿ ಸುಮಾರು 800. ಜಿಂಕೆಯ ಹಾಗೆಯೇ ಮೆಲುಕು ಹಾಕುವ ಹಸುವಿನಲ್ಲಿ ಸುಮಾರು 1,200. ಆಫ್ರಿಕಾದ ಆನೆಯಲ್ಲಿ ಸುಮಾರು 2,000. ಜೀನ್‌ಗಳ ಎಣಿಕೆಯಿಂದಲೇ ಮೂಗಿನ ಚುರುಕನ್ನು ಅಳೆಯಲಾಗದು ನಿಜ. ಆದರೆ ಹುಲ್ಲು ಮೇಯುವ ಪ್ರಾಣಿಗಳ ಬದುಕಿನಲ್ಲಿ ವಾಸನೆಗೆ ಎಂಥ ಜಾಗವಿದೆ ಎಂಬುದನ್ನು ಅದು ತೋರಿಸುತ್ತದೆ. ಸಂಗಾತಿ, ಮರಿ, ಶತ್ರು, ಮೇವು ಎಲ್ಲವನ್ನೂ ಅವು ಮೂಗಿನಿಂದಲೇ ಗುರುತಿಸುತ್ತವೆ.

ಮನುಷ್ಯನ ಕಡೆಯಿಂದ ಹೊರಡುವ ವಾಸನೆಯೂ ಒಂದೇ ಸರಕಲ್ಲ. ಬೆವರಿಗೆ ಸ್ವತಃ ಹೆಚ್ಚು ವಾಸನೆಯಿಲ್ಲ. ಕಂಕುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಹುಳಿನಾತದ ಆಮ್ಲಗಳೂ ಗಂಧಕದ ಸಂಯುಕ್ತಗಳೂ ಹುಟ್ಟುತ್ತವೆ. ಚರ್ಮದಿಂದ ಪ್ರತಿ ಗಂಟೆಗೂ ಲಕ್ಷಗಟ್ಟಲೆ ಸೂಕ್ಷ್ಮ ಸಿಪ್ಪೆಗಳು ಉದುರುತ್ತವೆ. ಮೈಯ ಬಿಸಿಗೆ ಸುತ್ತಲಿನ ಗಾಳಿ ಮೇಲಕ್ಕೇರಿ ಆ ಸಿಪ್ಪೆಗಳನ್ನು ಹೊತ್ತೊಯ್ಯುತ್ತದೆ. ಉಸಿರಿನಲ್ಲಿ ಅಸಿಟೋನ್, ಐಸೋಪ್ರೀನ್, ಅಮೋನಿಯಾಗಳಿವೆ. ಇವುಗಳ ಜೊತೆಗೆ ಬೂಟಿಗೆ ಅಂಟಿದ ಪೆಟ್ರೋಲು, ಬಟ್ಟೆಗೆ ಹತ್ತಿದ ಒಗ್ಗರಣೆ, ಕಾಫಿ, ಡಿಟರ್ಜೆಂಟಿನ ಸುಗಂಧ.

ಸ್ನಾನ, ಸೋಪು, ಸ್ಪ್ರೇಗಳು ಈ ಪಟ್ಟಿಯ ಒಂದಿಷ್ಟನ್ನು ನಿಜವಾಗಿಯೂ ಕಡಿಮೆ ಮಾಡುತ್ತವೆ. ಉಸಿರನ್ನು ಯಾವುದೂ ಮುಟ್ಟುವುದಿಲ್ಲ. ಎರಡು ಸಾವಿರ ಅಡಿ ಏರಿ ಎಲ್ಕ್ ಇರುವ ದಿಬ್ಬ ಮುಟ್ಟುವಷ್ಟರಲ್ಲಿ ಬೇಟೆಗಾರ ಏದುಸಿರು ಬಿಡುತ್ತಿರುತ್ತಾನೆ, ಬೆನ್ನು ಬೆವರಿನಿಂದ ತೊಯ್ದಿರುತ್ತದೆ. ಬೆಳಗ್ಗೆ ಕ್ಯಾಂಪಿನಲ್ಲಿ ಮಾಡಿಕೊಂಡ ಶುಚಿ ಆ ಹೊತ್ತಿಗೆ ಹೆಚ್ಚೇನೂ ಉಳಿದಿರುವುದಿಲ್ಲ.

ಇಂಗಾಲದ ಬಟ್ಟೆ ಮತ್ತು ನ್ಯಾಯಾಲಯ

ಈ ಮಾರುಕಟ್ಟೆಯಲ್ಲಿ ಅತಿ ದುಬಾರಿ ಸರಕೆಂದರೆ ಸಕ್ರಿಯ ಇಂಗಾಲ ಸೇರಿಸಿದ ಉಡುಪು. ಸಕ್ರಿಯ ಇಂಗಾಲದ ಒಂದು ಗ್ರಾಮಿನಲ್ಲಿ ಸಾವಿರ ಚದರ ಮೀಟರಿನಷ್ಟು ಒಳಮೈ ಇರುತ್ತದೆ. ವಾಸನೆಯ ಕಣಗಳು ಆ ರಂಧ್ರಗಳಲ್ಲಿ ಅಂಟಿ ನಿಲ್ಲುತ್ತವೆ. ನೀರು ಶುದ್ಧಿ ಮಾಡುವ ಫಿಲ್ಟರಿನಲ್ಲೂ ಇದೇ ತತ್ತ್ವ ನಡೆಯುತ್ತದೆ. ತತ್ತ್ವ ಸರಿಯಾಗಿಯೇ ಇದೆ, ತೊಡಕಿರುವುದು ಬಳಕೆಯಲ್ಲಿ.

ಮೊದಲನೆಯದಾಗಿ, ರಂಧ್ರಗಳು ತುಂಬಿಹೋಗುತ್ತವೆ. ಬೆವರಿನ ಆವಿಯೂ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತದೆ. ತುಂಬಿದ ಇಂಗಾಲವನ್ನು ಹೊಸದರಂತೆ ಮಾಡಲು ಕಾರ್ಖಾನೆಗಳಲ್ಲಿ ಆಮ್ಲಜನಕ ಕಡಿಮೆಯಿರುವ ಕುಲುಮೆಯಲ್ಲಿ 700ರಿಂದ 900 ಡಿಗ್ರಿ ಸೆಲ್ಸಿಯಸ್ ಶಾಖ ಕೊಡಬೇಕಾಗುತ್ತದೆ. ಮನೆಯ ಬಟ್ಟೆ ಒಣಗಿಸುವ ಯಂತ್ರ ಅದರ ಹತ್ತನೇ ಒಂದರಷ್ಟು ಶಾಖ ಕೊಟ್ಟರೆ ಹೆಚ್ಚು. ಹಗುರವಾದ ಕೆಲವು ಕಣಗಳು ಅಷ್ಟಕ್ಕೇ ಬಿಟ್ಟುಹೋಗಬಹುದು, ಭಾರವಾದವು ಅಲ್ಲೇ ಉಳಿಯುತ್ತವೆ. ಎರಡನೆಯದಾಗಿ, ಗಾಳಿ ಬಟ್ಟೆಯ ಮೂಲಕವೇ ಹೊರಗೆ ಹೋಗಬೇಕೆಂದೇನೂ ಇಲ್ಲ. ಕೈ ಎತ್ತಿದಾಗ, ಬಾಗಿದಾಗ ಕೊರಳಪಟ್ಟಿ, ತೋಳತುದಿ, ಸೊಂಟದಿಂದ ಗಾಳಿ ತಿದಿಯೊತ್ತಿದಂತೆ ಹೊರಬೀಳುತ್ತದೆ. ಮುಖವಂತೂ ತೆರೆದೇ ಇರುತ್ತದೆ.

ಈ ತಕರಾರು ನ್ಯಾಯಾಲಯದ ಮೆಟ್ಟಿಲೂ ಹತ್ತಿತು. 2007ರಲ್ಲಿ ಮಿನ್ನೆಸೋಟದ ಕೆಲವು ಬೇಟೆಗಾರರು ಸೆಂಟ್-ಲಾಕ್ ಬ್ರ್ಯಾಂಡಿನ ಬಟ್ಟೆ ತಯಾರಿಸುವ ಎ.ಎಲ್.ಎಸ್. ಎಂಟರ್‌ಪ್ರೈಸಸ್ ಮತ್ತು ಕೆಲವು ದೊಡ್ಡ ಮಾರಾಟಗಾರರ ಮೇಲೆ ಮೊಕದ್ದಮೆ ಹೂಡಿದರು. ಬಟ್ಟೆ ವಾಸನೆಯನ್ನು ಇಲ್ಲವಾಗಿಸುತ್ತದೆ, ಡ್ರೈಯರಿನಲ್ಲಿ ಹಾಕಿದರೆ ಮತ್ತೆ ಹೊಸದಾಗುತ್ತದೆ ಎಂಬ ಜಾಹೀರಾತು ಸುಳ್ಳು ಎಂಬುದು ಅವರ ವಾದ. 2010ರಲ್ಲಿ ಫೆಡರಲ್ ನ್ಯಾಯಾಧೀಶ ರಿಚರ್ಡ್ ಕೈಲ್ ಅಂಥ ಕೆಲವು ಹೇಳಿಕೆಗಳು ಸುಳ್ಳೆಂದು ಹೇಳಿ ತಡೆಯಾಜ್ಞೆ ಕೊಟ್ಟರು. 2011ರಲ್ಲಿ ಎಂಟನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಆ ತಡೆಯಾಜ್ಞೆಯನ್ನು ತೆಗೆದುಹಾಕಿತು.

ಈ ಎರಡು ತೀರ್ಪುಗಳನ್ನು ಎರಡೂ ಬಣದವರು ತಮಗೆ ಬೇಕಾದಂತೆ ಎತ್ತಿ ಹೇಳುತ್ತಾರೆ. ಮೊದಲನೆಯದನ್ನು ಹಿಡಿದವರು ಬಟ್ಟೆ ಮೋಸವೆಂದು ಕೋರ್ಟೇ ಹೇಳಿದೆ ಎನ್ನುತ್ತಾರೆ. ಎರಡನೆಯದನ್ನು ಹಿಡಿದವರು ಬಟ್ಟೆ ಕೆಲಸ ಮಾಡುತ್ತದೆಂದು ಕೋರ್ಟೇ ಒಪ್ಪಿದೆ ಎನ್ನುತ್ತಾರೆ. ಎರಡೂ ಅತಿ. ನ್ಯಾಯಾಲಯದ ಮುಂದಿದ್ದುದು ಗ್ರಾಹಕ ಕಾನೂನಿನಡಿ ಜಾಹೀರಾತಿನ ಹೇಳಿಕೆಯ ಪ್ರಶ್ನೆ. ಆ ಬಟ್ಟೆ ತೊಟ್ಟವನ ಹತ್ತಿರ ಜಿಂಕೆ ಬರುತ್ತದೆಯೇ ಎಂಬುದನ್ನು ಅಲ್ಲಿ ಯಾರೂ ತೀರ್ಮಾನಿಸಲಿಲ್ಲ. ಬಟ್ಟೆ ಒಂದಿಷ್ಟು ವಾಸನೆ ಹೀರುತ್ತದೆ ಎನ್ನುವುದಕ್ಕೂ ಪ್ರಾಣಿಗೆ ಮನುಷ್ಯನ ಸುಳಿವೇ ಹತ್ತುವುದಿಲ್ಲ ಎನ್ನುವುದಕ್ಕೂ ನಡುವೆ ಬಹಳ ದೂರವಿದೆ, ಮಾರಾಟಗಾರರಿಗೆ ಲಾಭ ಸಿಗುವುದು ಆ ದೂರದಲ್ಲೇ.

ನಾಯಿ ಹೇಳಿದ್ದು

ಪ್ರಯೋಗದ ಹತ್ತಿರಕ್ಕೆ ಬರುವ ಒಂದು ಕೆಲಸ 2002ರಲ್ಲಿ ಪ್ರಕಟವಾಯಿತು. ವನ್ಯಜೀವಿ ಸಂಶೋಧಕ ಜಾನ್ ಶಿವಿಕ್ ವಾಸನೆ ಹೀರುವ ಬಟ್ಟೆ ತೊಟ್ಟವರನ್ನೂ ತೊಡದವರನ್ನೂ ಬಯಲಿನಲ್ಲಿ ಅಡಗಿಸಿ, ತರಬೇತಿ ಪಡೆದ ಶೋಧನಾಯಿಗಳನ್ನು ಬಿಟ್ಟು ನೋಡಿದರು. ಬಟ್ಟೆಯಿಂದ ಗುರುತಿಸಬಹುದಾದ ವ್ಯತ್ಯಾಸ ಕಾಣಲಿಲ್ಲ. ನಾಯಿಯ ಕೆಲಸವನ್ನು ಸುಲಭವೋ ಕಷ್ಟವೋ ಮಾಡಿದ್ದು ಹವೆಯ ಸ್ಥಿತಿಗತಿ.

ನಾಯಿಯೂ ಜಿಂಕೆಯೂ ಒಂದೇ ಅಲ್ಲ ಎಂದು ಬಟ್ಟೆಯ ಪರ ಇರುವವರು ಆಕ್ಷೇಪಿಸುತ್ತಾರೆ. ಅದರಲ್ಲಿ ನ್ಯಾಯವಿದೆ. ನಾಯಿ ಮನುಷ್ಯನನ್ನೇ ಹುಡುಕಲು ಪಳಗಿದ್ದು. ಜಿಂಕೆ ಮೇಯುತ್ತಾ ಬರುತ್ತಿರುತ್ತದೆ, ಅದಕ್ಕೆ ಬರುವ ಸುಳಿವು ಸ್ವಲ್ಪ ಮಸುಕಾದರೆ ಮನುಷ್ಯ ದೂರದಲ್ಲಿದ್ದಾನೆ ಅಥವಾ ನಿನ್ನೆ ಹಾದುಹೋಗಿದ್ದಾನೆ ಎಂದು ಭಾವಿಸಿ ಒಂದು ನಿಮಿಷ ಹೆಚ್ಚು ನಿಲ್ಲಬಹುದು. ಬೇಟೆಗಾರನಿಗೆ ಆ ಒಂದು ನಿಮಿಷ ಸಾಕು. ಸ್ಪ್ರೇ ಮತ್ತು ಬಟ್ಟೆಯ ಪರವಾಗಿ ಇರುವ ಅತ್ಯಂತ ಗಟ್ಟಿ ವಾದ ಇದು.

ಈ ವಾದಕ್ಕೆ ಅಡ್ಡ ಬರುವುದು ಗಾಳಿಯ ಸ್ವಭಾವ. ವಾಸನೆ ದೂರ ಹೋದಂತೆ ಒಂದೇ ಸಮನೆ ತೆಳುವಾಗುತ್ತಾ ಹೋಗುವುದಿಲ್ಲ. ಅದು ಎಳೆಎಳೆಯಾಗಿ ಹರಿದು, ನಡುವೆ ಖಾಲಿ ಜಾಗ ಬಿಟ್ಟು ಸಾಗುತ್ತದೆ. ಎಪ್ಪತ್ತು ಮೀಟರ್ ದೂರದಲ್ಲೂ ಒಂದು ದಟ್ಟ ಎಳೆ ಮೂಗಿಗೆ ತಾಕಬಹುದು, ಇಪ್ಪತ್ತು ಮೀಟರಿನಲ್ಲೂ ಏನೂ ತಾಕದಿರಬಹುದು. ಮೂಲದಲ್ಲೇ ವಾಸನೆ ಅರ್ಧಕ್ಕೆ ಇಳಿದರೂ ಎಳೆ ನೇರವಾಗಿ ಮೂಗಿಗೆ ಬಂದಾಗ ಗುರುತು ಹತ್ತಲು ಅಷ್ಟೇ ಸಾಕಾಗುತ್ತದೆ.

ಹಾಗಿದ್ದೂ ಅಷ್ಟು ಜನ ಯಾಕೆ ಆಣೆ ಮಾಡಿ ಹೇಳುತ್ತಾರೆ

ಅನುಭವಿ ಬೇಟೆಗಾರರು ಸುಳ್ಳು ಹೇಳುತ್ತಿಲ್ಲ. ಸ್ಪ್ರೇ ಹಾಕಿಕೊಂಡು ಕೂತಿದ್ದಾಗ ಜಿಂಕೆ, ಗಾಳಿ ತಮ್ಮ ಕಡೆಯಿಂದ ಬೀಸಿ ಹೋಗುವ ದಿಕ್ಕಿನಿಂದಲೇ ಬಂದು ಅಟ್ಟಣೆಯ ಬುಡದಲ್ಲೇ ನಿಂತದ್ದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಆದರೆ ಅಟ್ಟಣೆ ನೆಲದಿಂದ ಐದಾರು ಮೀಟರ್ ಮೇಲಿರುತ್ತದೆ. ಮೈಯ ಬಿಸಿಗಾಳಿ ಅಲ್ಲಿಂದ ಮೇಲೆದ್ದು ಜಿಂಕೆಯ ತಲೆಯ ಮೇಲೆ ಹಾದುಹೋಗಿರಬಹುದು. ಹಳ್ಳಿ-ಉಪನಗರಗಳ ಅಂಚಿನಲ್ಲಿರುವ ಜಿಂಕೆಗಳಿಗೆ ಮನುಷ್ಯನ ವಾಸನೆ ದಿನನಿತ್ಯದ್ದು. ಹೂದೋಟದ ಗಿಡ ಮೇಯುವ ಜಿಂಕೆ ಆ ವಾಸನೆಗೆ ಓಡುವುದೇ ಇಲ್ಲ. ವರ್ಷಕ್ಕೊಮ್ಮೆ ಮನುಷ್ಯನನ್ನು ಕಾಣುವ ರಾಕಿ ಪರ್ವತದ ಎಲ್ಕ್ ಅದೇ ವಾಸನೆಗೆ ಕಣಿವೆಯನ್ನೇ ಬಿಟ್ಟು ಹೋಗುತ್ತದೆ. ಒಬ್ಬನಿಗೆ ಉಪನಗರದಲ್ಲಿ ಸಿಕ್ಕ ಫಲವನ್ನು ನಂಬಿ ಇನ್ನೊಬ್ಬ ಪರ್ವತಕ್ಕೆ ಅದೇ ಬಾಟಲಿ ಒಯ್ದರೆ ನಿರಾಶೆ ಖಚಿತ.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ಬೇಟೆಗಾರನ ಲೆಕ್ಕಕ್ಕೆ ಬರುವುದು ಕಣ್ಣಿಗೆ ಬಿದ್ದ ಜಿಂಕೆ ಮಾತ್ರ. ಇನ್ನೂರು ಮೀಟರ್ ದೂರದಲ್ಲೇ ಮೂಸಿ, ಪೊದೆಯ ಹಿಂದಿನಿಂದಲೇ ಹಿಂತಿರುಗಿ ಹೋದದ್ದು ಅವನಿಗೆ ಗೊತ್ತಾಗುವುದೇ ಇಲ್ಲ. ಸ್ಪ್ರೇ ಸೋತ ಪ್ರಸಂಗಗಳೆಲ್ಲ ಹೀಗೆ ಕಣ್ಮರೆಯಾಗಿ, ಗೆದ್ದಂತೆ ಕಂಡ ಪ್ರಸಂಗಗಳಷ್ಟೇ ನೆನಪಿನಲ್ಲಿ ಉಳಿಯುತ್ತವೆ. ಪ್ರಾಮಾಣಿಕ ಅನುಭವವೂ ಇಲ್ಲಿ ದಾರಿ ತಪ್ಪಿಸುತ್ತದೆ. ಇದನ್ನು ಬಗೆಹರಿಸಬೇಕೆಂದರೆ ಬಾಟಲಿಯಲ್ಲಿರುವುದು ಔಷಧಿಯೋ ಬರೀ ನೀರೋ ಎಂಬುದು ಬೇಟೆಗಾರನಿಗೂ ದಾಖಲಿಸುವವನಿಗೂ ತಿಳಿಯದಂತೆ, ಒಂದೇ ಜಾಗದಲ್ಲಿ, ಗಾಳಿಯನ್ನು ಅಳೆಯುತ್ತಾ, ಕ್ಯಾಮೆರಾಗಳಿಂದ ದೂರದ ಜಿಂಕೆಗಳನ್ನೂ ಎಣಿಸಿ ನೋಡಬೇಕು.

ಓಝೋನ್: ಹೊಸ ವಾಸನೆ ಹುಟ್ಟಿಸುವ ಯಂತ್ರ

ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಪ್ರಚಾರ ಸಿಕ್ಕಿರುವುದು ಓಝೋನ್ ಯಂತ್ರಕ್ಕೆ. ಬಟ್ಟೆಯ ಚೀಲದಲ್ಲಿಟ್ಟು ವಾಸನೆ ತೆಗೆಯುವುದು ಒಂದು ಬಗೆ, ಅಟ್ಟಣೆಯ ಮೇಲೆ ತಲೆಯ ಹತ್ತಿರವೇ ಕಟ್ಟಿಕೊಂಡು ಗಾಳಿಗೆ ಓಝೋನ್ ಬಿಡುವುದು ಇನ್ನೊಂದು. ಓಝೋನ್ ಕೆಲವು ವಾಸನೆಯ ಕಣಗಳನ್ನು ಒಡೆಯುತ್ತದೆ, ಸಂಶಯವಿಲ್ಲ. ಒಡೆದ ಮೇಲೆ ಏನಾಗುತ್ತದೆ ಎಂಬುದು ಜಾಹೀರಾತಿನಲ್ಲಿ ಬರುವುದಿಲ್ಲ. ನಮ್ಮ ಚರ್ಮದ ಎಣ್ಣೆಯಲ್ಲಿರುವ ಸ್ಕ್ವಾಲೀನ್ ಓಝೋನಿಗೆ ತಾಗಿದರೆ ಅಸಿಟೋನ್, ಜೆರಾನಿಲ್ ಅಸಿಟೋನ್, 6-ಮೀಥೈಲ್-5-ಹೆಪ್ಟೆನ್-2-ಓನ್ ಎಂಬ ಹಗುರವಾದ, ಗಾಳಿಯಲ್ಲಿ ಸುಲಭವಾಗಿ ಹಾರುವ ಹೊಸ ವಸ್ತುಗಳು ಹುಟ್ಟುತ್ತವೆ. ವಿಮಾನದ ಕ್ಯಾಬಿನ್ನಿನ, ಕಚೇರಿಯ ಗಾಳಿಯನ್ನು ಅಧ್ಯಯನ ಮಾಡುವ ರಸಾಯನಶಾಸ್ತ್ರಜ್ಞರಿಗೆ ಇದು ಚೆನ್ನಾಗಿ ಗೊತ್ತಿರುವ ಕ್ರಿಯೆ. ಮನುಷ್ಯನಿದ್ದಾನೆ ಎಂಬ ಸುಳಿವು ಇದರಿಂದ ಅಳಿಯುವ ಬದಲು ರೂಪ ಬದಲಿಸುತ್ತದೆ.

ಆರೋಗ್ಯದ ಮಾತೂ ಇದೆ. ಕೆಲಸದ ಜಾಗದಲ್ಲಿ ಎಂಟು ಗಂಟೆಗೆ ಓಝೋನಿನ ಮಿತಿ ಹತ್ತು ಲಕ್ಷದಲ್ಲಿ 0.1 ಭಾಗ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಗೊತ್ತುಮಾಡಿದೆ. ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣದಲ್ಲಿ ಓಝೋನ್ ಒಳಾಂಗಣದ ಗಾಳಿಯನ್ನು ಶುದ್ಧಿ ಮಾಡುವ ಸಾಧ್ಯತೆ ತೀರಾ ಕಡಿಮೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಅಸ್ತಮಾ ಇರುವವರು ಇಂಥ ಯಂತ್ರವನ್ನು ಮುಖದ ಹತ್ತಿರ ಕಟ್ಟಿಕೊಳ್ಳಲೇಬಾರದು. ಓಝೋನ್ ರಬ್ಬರನ್ನೂ ಬಿರುಕುಗೊಳಿಸುತ್ತದೆ, ಆದ್ದರಿಂದ ಬೂಟು, ಎಲಾಸ್ಟಿಕ್‌ಗಳ ಆಯುಷ್ಯವೂ ತಗ್ಗುತ್ತದೆ.

ಗಾಳಿಯ ಗಡಿಯಾರ

ರಾಕಿ ಪರ್ವತಗಳಲ್ಲಿ ಗಾಳಿಗೆ ದಿನಚರಿಯಿದೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಬಿಸಿಲು ಬಿದ್ದು ಇಳಿಜಾರು ಕಾದ ಮೇಲೆ ಅದೇ ಗಾಳಿ ಹಗುರಾಗಿ ಮೇಲಕ್ಕೇರುತ್ತದೆ. ಸಂಜೆ ನೆರಳು ಬಿದ್ದೊಡನೆ ಮತ್ತೆ ಕೆಳಮುಖ. ಈ ತಿರುವಿನ ಹೊತ್ತಿನಲ್ಲಿ, ಬೆಳಗಿನ ಒಂದು ಹೊತ್ತು ಮತ್ತು ಸಂಜೆಯ ಒಂದು ಹೊತ್ತು, ಗಾಳಿ ಎತ್ತ ಬೇಕಾದರೂ ಸುಳಿಯುತ್ತದೆ. ಎಲ್ಕ್ ಮಧ್ಯಾಹ್ನ ಮಲಗಲು ಆರಿಸಿಕೊಳ್ಳುವ ಜಾಗ ಇದನ್ನೇ ಹೇಳುತ್ತದೆ: ಇಳಿಜಾರಿನ ನಡುವಿನ ಸಣ್ಣ ಸಮತಟ್ಟು. ಕೆಳಗಿನ ವಾಸನೆಯನ್ನು ಏರುಗಾಳಿ ತರುತ್ತದೆ, ಮೇಲಿನದನ್ನು ದಿಬ್ಬ ದಾಟಿ ಬರುವ ಗಾಳಿ ತರುತ್ತದೆ.

ಇದನ್ನು ಬಲ್ಲ ಬೇಟೆಗಾರ ಬೆಳಗಿನ ಇಳಿಗಾಳಿಯಲ್ಲಿ ಕೆಳಗಿನಿಂದ ಸಮೀಪಿಸುತ್ತಾನೆ, ಬಿಸಿಲೇರಿದ ಮೇಲೆ ಮೇಲಿನಿಂದ ಅಥವಾ ಅಡ್ಡವಾಗಿ. ಕೈಯಲ್ಲಿ ನಯವಾದ ಪುಡಿ ತುಂಬಿದ ಪುಟ್ಟ ಬಾಟಲಿ, ಒತ್ತಿದರೆ ಗಾಳಿ ಎತ್ತ ಹೊರಟಿದೆ ಎಂದು ಕಣ್ಣಿಗೆ ಕಾಣುತ್ತದೆ. ಕೆಲವೇ ಡಾಲರಿನ ಆ ಪುಡಿ ನೂರಾರು ಡಾಲರಿನ ಉಡುಪಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದೇ ಈ ಲೇಖನದ ನಿಲುವು. ಬಂಡೀಪುರ, ನಾಗರಹೊಳೆಯ ಕಾಡಿನಲ್ಲಿ ಕಾಲುನಡಿಗೆಯಲ್ಲಿ ಗಸ್ತು ತಿರುಗುವವರಿಗೂ ಈ ವಿದ್ಯೆ ಹೊಸದಲ್ಲ. ಆನೆಯಿರುವ ಪೊದೆಯ ಹತ್ತಿರ ಗಾಳಿಯ ದಿಕ್ಕು ಜೀವದ ಪ್ರಶ್ನೆ.

ಸ್ಪ್ರೇಯ ನಿಜವಾದ ನಷ್ಟ ಇಲ್ಲಿದೆ. ಮೈಗೆ ವಾಸನೆಯಿಲ್ಲ ಎಂದು ನಂಬಿದವನು ಗಾಳಿ ತಪ್ಪಿದರೂ ಮುಂದೆ ಹೋಗುತ್ತಾನೆ. ಪ್ರಾಣಿ ಬೆದರಿ ಮೈ ಬಿಗಿದ ಗಳಿಗೆಯಲ್ಲಿ ಬಿಟ್ಟ ಬಾಣ ಗುರಿ ತಪ್ಪಿ ಗಾಯ ಮಾಡುವ ಸಂಭವ ಹೆಚ್ಚು. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ ಕಾಡಿನೊಳಗೆ ನರಳಿ ಸಾಯುತ್ತದೆ, ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಎಲ್ಲ ಶುಚಿಯೂ ವ್ಯರ್ಥ ಎಂದು ಇದರ ಅರ್ಥವಲ್ಲ. ನಡೆದ ದಾರಿಯಲ್ಲಿ ನೆಲಕ್ಕೂ ಎಲೆಗೂ ಅಂಟುವ ವಾಸನೆಯ ಕತೆ ಬೇರೆ. ಅದು ಗಂಟೆಗಟ್ಟಲೆ ಅಲ್ಲೇ ಇರುತ್ತದೆ, ಗಾಳಿ ಅನುಕೂಲವಾಗಿದ್ದರೂ ಜಿಂಕೆ ಆ ಜಾಡನ್ನು ದಾಟುವಾಗ ಮೂಸುತ್ತದೆ. ಶುಚಿಯಾದ ರಬ್ಬರ್ ಬೂಟು, ಸುಗಂಧವಿಲ್ಲದ ಸೋಪು, ಪೆಟ್ರೋಲ್ ಬಂಕಿನಲ್ಲಿ ಹಾಕಿಕೊಂಡ ಬಟ್ಟೆಯನ್ನು ಕಾಡಿಗೆ ತೊಡದಿರುವುದು, ಇವಕ್ಕೆ ಕಾರಣವಿದೆ, ಖರ್ಚೂ ಕಡಿಮೆ.

ಮೂತ್ರದ ಬಾಟಲಿಯ ಅಪಾಯ ಬೇರೆ ಜಾತಿಯದು

ಸಿಡಬ್ಲ್ಯುಡಿಯನ್ನು ಮೊದಲು ಗಮನಿಸಿದ್ದು 1967ರಲ್ಲಿ, ಕೊಲರಾಡೊದ ಒಂದು ಸಂಶೋಧನಾ ಕೇಂದ್ರದಲ್ಲಿ ಸಾಕಿದ ಜಿಂಕೆಗಳಲ್ಲಿ. ಇದಕ್ಕೆ ಕಾರಣ ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ತಪ್ಪಾಗಿ ಮಡಿಸಿಕೊಂಡ ಪ್ರಿಯಾನ್ ಎಂಬ ಪ್ರೋಟೀನ್. ಅಡುಗೆಯ ಬಿಸಿಗೆ ಅದು ಸಾಯುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸೋಂಕು ತಗುಲಿದ ಪ್ರಾಣಿ ಒಂದೂವರೆ-ಎರಡು ವರ್ಷ ಆರೋಗ್ಯವಾಗಿಯೇ ಕಾಣುತ್ತಾ ಎಂಜಲು, ಮಲ, ಮೂತ್ರಗಳಲ್ಲಿ ಪ್ರಿಯಾನ್ ಹೊರಹಾಕುತ್ತದೆ. ಕೊನೆಗೆ ಸಾವು ಖಚಿತ, ಮದ್ದಿಲ್ಲ.

ಮಾರಾಟದ ಮೂತ್ರ ಬರುವುದು ಸಾಕಿದ ಜಿಂಕೆಗಳ ಫಾರಂಗಳಿಂದ. ನೆಲದ ಜಾಲರಿಯ ಕೆಳಗೆ ಸಂಗ್ರಹಿಸುವಾಗ ಮಲವೂ ಎಂಜಲೂ ಬೆರೆಯುತ್ತವೆ, ಹಲವು ಪ್ರಾಣಿಗಳದ್ದು ಒಂದಾಗುತ್ತದೆ. ಒಂದು ಫಾರಂನ ಬಾಟಲಿ ಸಾವಿರ ಮೈಲಿ ದೂರದ ಕಾಡಿನ ಮಣ್ಣಿಗೆ ಬೀಳುತ್ತದೆ, ಆ ವಾಸನೆಗೆ ಸುತ್ತಲಿನ ಜಿಂಕೆಗಳು ಬಂದು ಅದೇ ಜಾಗವನ್ನು ಮೂಸಿ ನೆಕ್ಕುತ್ತವೆ. ವರ್ಜೀನಿಯಾ 2015ರ ಜುಲೈ 1ರಿಂದ ಇದನ್ನು ನಿಷೇಧಿಸಿತು. ಅಲಾಸ್ಕಾ, ವರ್ಮಾಂಟ್ ಕೂಡ ನಿಷೇಧಿಸಿವೆ. ಪೆನ್ಸಿಲ್ವೇನಿಯಾದಲ್ಲಿ ರೋಗವಿರುವ ವಲಯಗಳಿಗೆ ನಿಷೇಧ ಅನ್ವಯಿಸುತ್ತದೆ.

ಮೂತ್ರದಲ್ಲಿ ಪ್ರಿಯಾನ್ ಪ್ರಮಾಣ ಬಹಳ ಕಡಿಮೆ, ಸೋಂಕು ತಗುಲಿದ ಒಂದೇ ಕಾಡುಜಿಂಕೆ ಬಾಟಲಿಗಳಿಗಿಂತ ಎಷ್ಟೋ ಹೆಚ್ಚು ಹರಡುತ್ತದೆ ಎಂಬುದು ಉದ್ಯಮದ ವಾದ. ರೋಗ ಈಗಾಗಲೇ ಬೇರೂರಿದ ಜಿಲ್ಲೆಯಲ್ಲಿ ಆ ವಾದಕ್ಕೆ ತೂಕವಿದೆ. ರೋಗವೇ ಇಲ್ಲದ ಜಾಗದಲ್ಲಿ ತೂಕವಿಲ್ಲ, ಏಕೆಂದರೆ ಅಲ್ಲಿ ಮೊದಲ ಕಿಡಿ ಯಾವುದರಿಂದ ಬೀಳುತ್ತದೆ ಎಂಬುದೇ ಪ್ರಶ್ನೆ, ಮತ್ತು ಒಮ್ಮೆ ಮಣ್ಣು ಸೇರಿದ್ದನ್ನು ತೆಗೆಯುವ ದಾರಿ ಇಲ್ಲ. ಪ್ರಯೋಗಾಲಯದಲ್ಲಿ ತಯಾರಿಸಿದ ಕೃತಕ ದ್ರವ ಸಿಗುತ್ತಿರುವಾಗ ಈ ಅಪಾಯ ಹೊರುವ ಅಗತ್ಯವೂ ಕಾಣುವುದಿಲ್ಲ.

ಮುಂದೆ ಏನಾಗಬಹುದು

ಮೂತ್ರದ ಬಾಟಲಿಗಳ ಮೇಲೆ ನಿಯಮ ಇನ್ನಷ್ಟು ಬಿಗಿಯಾಗುವ ಸಾಧ್ಯತೆ ಹೆಚ್ಚು. ಕೆಲವು ರಾಜ್ಯಗಳು ಪೂರ್ಣ ನಿಷೇಧದ ಬದಲು, ಪರೀಕ್ಷೆಗೊಳಪಟ್ಟ ಫಾರಂಗಳ ಸರಕಿಗಷ್ಟೇ ಅವಕಾಶ ಕೊಡುವ ಮಧ್ಯದ ದಾರಿ ಹಿಡಿದಿವೆ. ರಾಜ್ಯಕ್ಕೊಂದು ನಿಯಮ ಇರುವವರೆಗೆ ಗಡಿಯಲ್ಲಿ ಗೊಂದಲ ತಪ್ಪದು. ಬೇಟೆಗೆ ಹೋಗುವವರು ಆಯಾ ವರ್ಷದ ನಿಯಮಪುಸ್ತಕ ನೋಡಲೇಬೇಕು. ಸ್ಪ್ರೇ, ಬಟ್ಟೆಗಳಿಗೆ ರೋಗದ ಕಾರಣಕ್ಕೆ ಯಾವ ತಡೆಯೂ ಬರುವ ಲಕ್ಷಣವಿಲ್ಲ, ಬರಬೇಕಾಗಿಯೂ ಇಲ್ಲ. ಅವುಗಳ ಪ್ರಶ್ನೆ ದುಡ್ಡಿನದು ಮತ್ತು ಜಾಹೀರಾತಿನ ಸತ್ಯದ್ದು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಬೇಟೆಯ ಗೆಳೆಯರಿಂದ ಜಿಂಕೆಯ ಅಥವಾ ಎಲ್ಕ್ ಮಾಂಸ ಉಡುಗೊರೆಯಾಗಿ ಬರುವುದುಂಟು. ಸಿಡಬ್ಲ್ಯುಡಿ ಮನುಷ್ಯನಿಗೆ ತಗುಲಿದ ದೃಢಪಟ್ಟ ಪ್ರಕರಣ ಇದುವರೆಗೆ ಇಲ್ಲ. ಆದರೂ ರೋಗ ಕಂಡುಬಂದಿರುವ ಪ್ರದೇಶದ ಪ್ರಾಣಿಯನ್ನು ಪರೀಕ್ಷೆ ಮಾಡಿಸುವ ಬಗ್ಗೆ ಗಟ್ಟಿಯಾಗಿ ಯೋಚಿಸಬೇಕು, ಸೋಂಕಿದೆಯೆಂದು ಬಂದರೆ ಮಾಂಸ ತಿನ್ನಬಾರದು ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಲಹೆ ಕೊಡುತ್ತದೆ. ಪರೀಕ್ಷೆ ಆಗಿದೆಯೇ ಎಂದು ಕೊಟ್ಟವರನ್ನು ಕೇಳಲು ಸಂಕೋಚ ಬೇಡ. ರೋಗವಿರುವ ಜಿಲ್ಲೆಗಳ ಬೇಟೆಗಾರರಿಗೆ ಆ ಪ್ರಶ್ನೆ ಈಗ ಪರಿಚಿತ.